ಒಂದೂವರೆ ಗಂಟೆಯ ನೀರು

ಎಡಿಲೇನಿಯನ್ನು ರಿಯೊದ ಆ ಗುಡ್ಡದವರು ಯಂತ್ರದ ಹುಡುಗಿ ಎಂದೇ ಕರೆಯುತ್ತಿದ್ದರು. ನಲವತ್ತು ದಾಟಿದವಳು ಹುಡುಗಿಯೇನಲ್ಲ; ಕೆಟ್ಟ ರೇಡಿಯೊ, ಗೇಟಿನ ಮೋಟರು ರಿಪೇರಿ ಮಾಡಿ ಬದುಕುವವಳು. ಗುಡ್ಡದ ನೀರಿನ ಪಂಪಿಗೂ ಅಂಗೈಯಗಲದ ಪೆಟ್ಟಿಗೆ ಕೂರಿಸಿ, ಲುವಾದಲ್ಲಿ ಅದಕ್ಕೆ ಬುದ್ಧಿ ಹೇಳಿಕೊಟ್ಟಿದ್ದಳು. ಅಲ್ಲಿಯವರ ಮಾತಿನಲ್ಲಿ ಲುವಾ ಎಂದರೆ ಚಂದ್ರ. ಇಂಥ ಪುಟಾಣಿ ಪೆಟ್ಟಿಗೆಯಲ್ಲೂ ಹಿಡಿಸುವ ಆ ಕಂಪ್ಯೂಟರ್ ಭಾಷೆ ತಮ್ಮೂರಿನಲ್ಲೇ ಹುಟ್ಟಿದ್ದೆಂದು ಅವಳಿಗೆ ಭಾರೀ ಜಂಬ.

ಪೆಟ್ಟಿಗೆ ಬರುವವರೆಗೆ ಗುಡ್ಡದ ನೀರುಗಂಟಿಯಾಗಿದ್ದವರು ಜೆನಿವಾಲ್ದು ಎಂಬ ಮುದುಕರು. ಹಸುಗೂಸು ಎಡಿಲೇನಿಯನ್ನು ಚರ್ಚಿನಲ್ಲಿ ಜ್ಞಾನಸ್ನಾನದ ದಿನ ಎತ್ತಿ ಹಿಡಿದ ಪದ್ರಿನ್ಯೊ, ಅಂದರೆ ಧರ್ಮಪಿತ, ಅವರೇ. ಎದುರು ಸಿಕ್ಕಾಗಲೆಲ್ಲ ಅವಳು ಆಶೀರ್ವಾದ ಕೇಳಬೇಕು, ಅವರು ತಲೆ ಮುಟ್ಟಿ "ದೇವ್ರು ಒಳ್ಳೇದು ಮಾಡ್ಲಿ, ಮಗಳೇ" ಅನ್ನಬೇಕು. ಕೆಲಸ ಹೋದರೂ ವಾಲ್ವಿನ ಕೀಲಿ ಅವರ ಸೊಂಟದಲ್ಲೇ ಉಳಿದಿತ್ತು.

ಪೆಟ್ಟಿಗೆ ಬಂದದ್ದೇ ತಡ, ಮೇಲಿನ ಓಣಿಗಳಿಗೆ ನೀರು ಅರ್ಧದಲ್ಲೇ ನಿಲ್ಲತೊಡಗಿತು.

"ಮುದುಕನಿಗೆ ಹೊಟ್ಟೆಯುರಿ ಕಣ್ರೇ! ಕದ್ದು ವಾಲ್ವ್ ತಿರುಗಿಸ್ತಾನೆ," ಎಂದರು ಹೆಂಗಸರು.

ಶನಿವಾರ ನಿವಾಸಿಗಳ ಸಂಘದ ಮುಖ್ಯಸ್ಥೆ ದೋನಾ ಸೆಲ್ಮಾ ಎಲ್ಲರೆದುರು ಅವರ ಸೊಂಟದ ಕೀಲಿ ಬಿಚ್ಚಿಸಿಕೊಂಡಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅಂದೇ ಸಂಜೆ ಎಡಿಲೇನಿ ಪೆಟ್ಟಿಗೆಯ ಲೆಕ್ಕ ತೆರೆದು ನೋಡಿದಳು; ತಪ್ಪು ಅವಳದೇ. ಮೇಲಿನ ಓಣಿಗೆ ಬಿಡಬೇಕಾದದ್ದು ಒಂದೂವರೆ ಗಂಟೆ ನೀರು. ಆ ದೇಶದವರು ಅಂಗಡಿಯಲ್ಲೂ ಶಾಲೆಯಲ್ಲೂ ದಶಾಂಶಕ್ಕೆ ಚುಕ್ಕಿ ಇಡುವುದಿಲ್ಲ, ಅಲ್ಪವಿರಾಮ ಹಾಕಿ 1,5 ಎನ್ನುತ್ತಾರೆ. ಅವಳ ಕೈಯೂ ಹಾಗೇ ಓಡಿತ್ತು. ಲುವಾ ತಕರಾರು ತೆಗೆಯಲಿಲ್ಲ. ಅಲ್ಪವಿರಾಮದ ಆಚೀಚೆ ಎರಡು ಬೇರೆ ಅಂಕಿಗಳೆಂದು ತಿಳಿದು, ಒಂದನ್ನು ಇಟ್ಟುಕೊಂಡು ಐದನ್ನು ಸದ್ದಿಲ್ಲದೆ ಎಸೆದುಬಿಟ್ಟಿತ್ತು; ನೀರು ಒಂದೇ ಗಂಟೆಗೆ ನಿಲ್ಲುತ್ತಿತ್ತು. ಅವಳೂ ಸದ್ದಿಲ್ಲದೆ ಚುಕ್ಕಿ ಇಟ್ಟು ಮುಚ್ಚಿದಳು. ನಾಳೆ ಹೇಳಿದರಾಯಿತು ಎಂದುಕೊಂಡಳು.

ಮಾರನೆಯ ದಿನ ಮೇಲಿನ ತೊಟ್ಟಿಗಳು ತುಂಬಿ ತುಳುಕಿದವು.

"ನೋಡಿದ್ರಾ! ಕೀಲಿ ಕಿತ್ಕೊಂಡ್ವಿ, ನೀರು ಬಂತು. ಇನ್ನೇನ್ ಸಾಕ್ಷಿ ಬೇಕು?" ಎಂದಳು ಸೆಲ್ಮಾ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದ ಎಡಿಲೇನಿ ಅಲ್ಲೇ ನಿಂತಿದ್ದಳು. ಮೆಲ್ಲಗೆ ಎಲ್ಲರ ಹಿಂದೆ ಸರಿದಳು. ನಾಚಿಕೆ, ಅದಕ್ಕಿಂತ ಹೆಚ್ಚು ಹೆದರಿಕೆ. ಆಮೇಲೆ ಒಂದೊಂದು ದಿನವೂ ಹೇಳುವುದು ಇನ್ನಷ್ಟು ಕಷ್ಟವಾಯಿತು. ಪದ್ರಿನ್ಯೊ ಎದುರಾಗುವ ಮೆಟ್ಟಿಲು ಬಿಟ್ಟು ಬಳಸುದಾರಿ ಹಿಡಿದಳು.

ಗುರುವಾರ ತಡೆಯಲಾರದೆ ಅವರ ಮನೆಗೆ ಹೋದಳು. ಮುದುಕ ಕಾಫಿಗೆ ನೀರಿಟ್ಟರು.

"ನಿನ್ ಪೆಟ್ಗೆ ಚೆನ್ನಾಗಿ ನಡೀತಿದೆಯಂತೆ. ಮಗಳೇ, ಒಂದ್ ಮಾತು. ನಾನೇ ಹೋಗಿ ವಾಲ್ವ್ ತಿರುಗ್ಸಿ ಮರೆತಿದ್ನೇನೋ. ನಮ್ಮಪ್ಪನಿಗೂ ಕೊನೇಲಿ ಹಿಂಗೇ ಅರಳು ಮರಳಾಗಿತ್ತು. ರಾತ್ರಿ ಎದ್ದು ಹೋಗ್ಬಾರ್ದು ಅಂತ ಬಾಗಿಲಿಗೆ ಹಗ್ಗ ಕಟ್ಕೊಂಡು ಮಲಗ್ತಿದೀನಿ."

ಅವಳು ಅಳುತ್ತಾ ಎಲ್ಲವನ್ನೂ ಹೇಳಿಬಿಟ್ಟಳು.

"ಹಂಗಾದ್ರೆ ನನ್ ತಲೆ ಕೆಟ್ಟಿಲ್ಲ!" ಮುದುಕ ಮಗುವಿನಂತೆ ನಕ್ಕರು. ನಗು ನಿಂತಿತು. "ನಿಂಗೆ ಯಾವತ್ತು ಗೊತ್ತಾಯ್ತು?"

"ಶನಿವಾರ."

ಅವರು ಎದ್ದು ಒಲೆ ಆರಿಸಿದರು. "ಸಂಘಕ್ಕೆ ಹೋಗಿ ಮೈಕಲ್ಲಿ ಹೇಳು. ಹೋಗು."

ಅವಳು ಹೇಳಿದಳು; ಇಡೀ ಗುಡ್ಡ ಕೇಳಿತು. ಸೆಲ್ಮಾ ತಾನೇ ಮುದುಕರ ಮನೆಗೆ ಬಂದು ಕೀಲಿ ಕೊಟ್ಟು ಕ್ಷಮೆ ಕೇಳಿದಳು.

ಮರುದಿನ ಬೆಳಗ್ಗೆ ಮೆಟ್ಟಿಲ ಮೇಲೆ ಎಡಿಲೇನಿ ತಲೆ ತಗ್ಗಿಸಿದಳು.

"ಆಶೀರ್ವಾದ ಮಾಡಿ, ಪದ್ರಿನ್ಯೊ."

"ದೇವ್ರು ಒಳ್ಳೇದು ಮಾಡ್ಲಿ," ಎಂದರು ಅವರು. ಕೀಲಿ ಹಿಡಿದ ಕೈ ಸೊಂಟದಲ್ಲೇ ಇತ್ತು. ಮಗಳೇ ಎಂಬ ಮಾತಿಗಾಗಿ ಅವಳು ಬಗ್ಗಿದ ತಲೆ ಎತ್ತದೆ ಕಾದಳು. ಅವರು ಆಗಲೇ ಮೆಟ್ಟಿಲಿಳಿದು ಹೋಗಿದ್ದರು.