ಹೊಳೆವ್ವನ ಹೊಸ ಪೆಟ್ಟು

ಅಕ್ಕಿಆಲೂರಿನ ಸಂತೆ ಬಯಲಿನ ಪಕ್ಕದ ಕುಲುಮೆಯನ್ನು ಊರವರೆಲ್ಲ ಲಕ್ಷ್ಮಪ್ಪನ ಕುಲುಮೆ ಎಂದೇ ಕರೆಯುತ್ತಾರೆ. ಆದರೆ ಅಲ್ಲಿ ಕಬ್ಬಿಣಕ್ಕೆ ಬೀಳುವ ದೊಡ್ಡ ಪೆಟ್ಟೆಲ್ಲ ಅವನ ಹೆಂಡತಿ ಹೊಳೆವ್ವನದು. ಗಂಡ ಇಕ್ಕಳದಲ್ಲಿ ಕೆಂಪಗೆ ಕಾದ ಕಬ್ಬಿಣ ಹಿಡಿದು ಅಡಿಗಲ್ಲಿನ ಮೇಲಿಡುತ್ತಾನೆ, ಅವಳು ಎದುರು ನಿಂತು ದೊಡ್ಡ ಸುತ್ತಿಗೆ ಎತ್ತಿ ಹಾಕುತ್ತಾಳೆ. ಅವನ ಕೈಗೂ ಅವಳ ಪೆಟ್ಟಿಗೂ ನಡುವೆ ಒಂದೇ ಗೇಣು. ಇದು ಗಂಡಸರ ಕೆಲಸವಲ್ಲವೇ ಎನ್ನುವವರು ಒಮ್ಮೆ ಆ ಸುತ್ತಿಗೆ ಎತ್ತಿ ನೋಡಲಿ, ಆಮೇಲೆ ಮಾತಾಡಲಿ.

ಹೋದ ಯುಗಾದಿಯ ಹೊತ್ತಿಗೆ ಅವಳ ಬಲ ಹೆಗಲು ಹಿಡಿದುಕೊಂಡಿತು. ತಲೆ ಬಾಚಿಕೊಳ್ಳಲೂ ಕೈ ಮೇಲೇಳದು. ಹೆಗಲ ಮೇಲಿಂದ ಎತ್ತಿ ಹೊಡೆಯುವುದನ್ನು ನಿಲ್ಲಿಸದಿದ್ದರೆ ಕೈ ಪೂರ್ತಿ ಹೋಗುತ್ತದೆ ಎಂದರು ಹಾನಗಲ್ಲಿನ ಡಾಕ್ಟರು. ಲಕ್ಷ್ಮಪ್ಪ ಬಸ್ಸಿನಲ್ಲೇ ತೀರ್ಮಾನ ಹೇಳಿಬಿಟ್ಟ.

"ಕರೆಂಟಿನ ಸುತ್ತಿಗಿ ತರ್ತೇನಿ. ನೀ ಮನ್ಯಾಗ ಆರಾಮ ಇರು."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ಹೊಳೆವ್ವನಿಗೆ ಅದು ಒಪ್ಪಿಗೆಯಾಗಲಿಲ್ಲ. ಮದುವೆಯಾಗಿ ಬಂದ ವರ್ಷ ಹಿಡಿದ ಸುತ್ತಿಗೆ. ಇಪ್ಪತ್ತನಾಲ್ಕು ವರ್ಷ ಅಡಿಗಲ್ಲಿನ ಎದುರು ನಿಂತವಳು ಇನ್ನು ಹೋಗಿ ಎಲ್ಲಿ ನಿಲ್ಲಬೇಕು?

"ಹೆಗಲ ಮ್ಯಾಲಿಂದ ಹೊಡೀಬ್ಯಾಡ ಅಂದಾರ. ಹೊಡೀಲೇಬ್ಯಾಡ ಅಂದಿಲ್ಲ," ಎಂದಳು. "ಮಿರಗದ ಮಳಿ ತನಕ ತಡೀರಿ. ಅಷ್ಟರಾಗ ನನ್ನ ಕೈ ಕೂಡಲಿಲ್ಲಂದ್ರ ನಿಮ್ಮ ಮಷೀನ ತರ್ರಿ."

ಊರಿನ ಕಟ್ಟಿಗೆ ಅಡ್ಡೆಯಲ್ಲಿ ಕೊರಡು ಸೀಳುವ ನಾಸೀರಸಾಬರಿಗೆ ಅರವತ್ತು ದಾಟಿದೆ, ಹೆಗಲು ನೋವೆಂಬುದನ್ನು ಅವರು ಕಂಡವರಲ್ಲ. ಹೊಳೆವ್ವ ಹೋಗಿ ಅವರ ಮುಂದೆ ನಿಂತಳು.

"ತೋಳಿನ ಜೋರ ಬಿಡವಾ," ಎಂದರು ಸಾಬರು. "ಕಾಲ ಅಗಲ ಇಟ್ಟು ನಿಲ್ಲು. ಎಡಗಡಿಯಿಂದ, ಸೊಂಟ ತಿರುವಿ ಸುತ್ತಿಗಿ ತಾ. ಭಾರ ತಾನ ಬೀಳ್ತೈತಿ. ಆದ್ರ ಒಂದ ಮಾತು, ಮೊದಲ ಇದ್ದ ಕೈನೂ ಕೆಡ್ತೈತಿ. ಆವಾಗ ಅಂಜಿ ಹಳೇದಕ್ಕ ಓಡಬ್ಯಾಡ."

ಕೆಟ್ಟಿತು ನೋಡಿ, ಚೆನ್ನಾಗಿಯೇ ಕೆಟ್ಟಿತು. ಮೊದಲ ವಾರ ಒಂದು ಪೆಟ್ಟು ಜಾರಿ ಲಕ್ಷ್ಮಪ್ಪನ ಹೆಬ್ಬೆರಳಿನ ಉಗುರು ಕಪ್ಪಾಯಿತು. ಎರಡು ಕುಡಗೋಲು ಸೊಟ್ಟಗಾದವು. ಕೊಡಲಿ ಹಣಿಸಿ ಚೂಪು ಮಾಡಿಸಲು ಬಂದವರೊಬ್ಬರು "ಯಾಕ ಹೊಳೆವ್ವಕ್ಕ, ಅಡಿಗಲ್ಲ ಸಣ್ಣದಾಗೇತೇನು?" ಎಂದು ನಕ್ಕರು. ಆ ದಿನ ರೋಷ ತಡೆಯದೆ ಅವಳು ಹಳೆಯ ಹಾಗೆ ಹೆಗಲ ಮೇಲಿಂದ ನಾಲ್ಕು ಪೆಟ್ಟು ಹಾಕಿದಳು. ನಾಲ್ಕೂ ಇಟ್ಟ ಜಾಗಕ್ಕೇ ಬಿದ್ದವು, ನಕ್ಕವರ ಬಾಯಿಗೆ ಬೀಗ ಬಿತ್ತು. ಸಂಜೆ ರೊಟ್ಟಿ ಬಡಿಯಲು ಕುಳಿತರೆ ಕೈ ಮೇಲೇಳಲಿಲ್ಲ. ಗೆದ್ದದ್ದಕ್ಕೆ ಅತ್ತವಳು ಅವಳೊಬ್ಬಳೇ ಇರಬೇಕು.

ಮರುದಿನದಿಂದ ಹಟಕ್ಕೆ ಬಿದ್ದಳು. ಒಲೆ ಹಚ್ಚುವ ಮೊದಲು ಹಿತ್ತಲಿನ ಹುಣಸೆ ಕೊರಡಿನ ಮೇಲೆ ಇದ್ದಿಲಿನಿಂದ ಗುರುತು ಹಾಕಿ, ದಿನಕ್ಕೆ ನೂರು ಪೆಟ್ಟು. ಮೊದಲ ದಿನ ಮೂವತ್ತು ಸರಿಬಿದ್ದವು, ಆರನೆಯ ವಾರಕ್ಕೆ ತೊಂಬತ್ತು. ಹೆಗಲೂ ನೋಯಲಿಲ್ಲ. ಇಷ್ಟಾದರೂ ಅಡಿಗಲ್ಲಿನ ಮುಂದೆ ನಿಂತರೆ ಮತ್ತೆ ಅದೇ ಹಾಡು, ಪೆಟ್ಟು ಒಂದು ಬೆರಳು ಆಚೆ! ಮಿರಗಕ್ಕೆ, ಅಂದರೆ ಮೃಗಶಿರಾ ಮಳೆಗೆ, ಉಳಿದದ್ದು ನಾಲ್ಕೇ ದಿನ. ಲಕ್ಷ್ಮಪ್ಪ ಆಗಲೇ ಮಷೀನಿನವರಿಗೆ ಫೋನು ಹಚ್ಚಿದ್ದ.

ಒಂದು ಮುಂಜಾನೆ ಗಂಡ ಇಲ್ಲದಾಗ ತಣ್ಣನೆಯ ನೇಗಿಲ ಕುಳವೊಂದನ್ನು ಅಡಿಗಲ್ಲಿನ ಮೇಲಿಟ್ಟು ಹೊಡೆದು ನೋಡಿದಳು. ಹತ್ತಕ್ಕೆ ಹತ್ತು. ಸುತ್ತಿಗೆ ಇಳಿಸಿ ಯೋಚಿಸಿದಳು. ಗಂಡ ಹಿಡಿದಾಗ ಪೆಟ್ಟು ತಪ್ಪುವುದು ಯಾವಾಗಲೂ ಒಂದೇ ಕಡೆಗೆ. ಕೆಟ್ಟ ಕೈ ಹಾಗೆ ಲೆಕ್ಕ ಹಿಡಿದು ತಪ್ಪುತ್ತದೆಯೇ?

ಲಕ್ಷ್ಮಪ್ಪ ಬಂದು ನೇಗಿಲ ಕುಳ ಕಾಯಿಸಿ ಅಡಿಗಲ್ಲಿನ ಮೇಲಿಟ್ಟ. ಅವಳು ಸುತ್ತಿಗೆ ಎತ್ತಿದಳು, ಹಾಕಲಿಲ್ಲ. ಅವನ ಕೈ ನೋಡಿದಳು. ಇಕ್ಕಳ ಮೆಲ್ಲಗೆ ಒಂದು ಬೆರಳು ಹಿಂದೆ ಸರಿಯಿತು.

"ನೀವು ಜಗ್ಗಾಕತ್ತೀರಿ."

"ಕುಣಿಯಲಾರದಾಕಿ ನೆಲ ಡೊಂಕು ಅಂದಳಂತ," ಎಂದ ಲಕ್ಷ್ಮಪ್ಪ.

"ನಿಮ್ಮ ಕೈ ನೀವ ನೋಡ್ಕೋರಿ."

ನೋಡಿಕೊಂಡ. ಅವಳು ಮತ್ತೊಮ್ಮೆ ಬರಿದೇ ಎತ್ತಿದಳು. ಅವನ ಕಣ್ಣೆದುರೇ ಅವನ ಕೈ ಹಿಂದೆ ಬಂತು. ನೆಲ ನಿಜಕ್ಕೂ ಡೊಂಕಾಗಿತ್ತು. ಎರಡು ತಿಂಗಳು ಹೆಂಡತಿಯ ಕೈ ಕೆಟ್ಟಿತೆಂದು ಊರಿಗೆಲ್ಲ ಹೇಳಿದ ಮನುಷ್ಯ, ನಾಚಿಕೆಯಿಂದ ಮುಖ ಮೇಲೆತ್ತಲಿಲ್ಲ.

"ಬೆರಳಿಗೆ ಪೆಟ್ಟು ಬಿದ್ದಾಗಿಂದ ಈ ಹೊಸಾ ಪೆಟ್ಟಿನ ಅಂಜಿಕಿ ಹೊಕ್ಕೇತಿ," ಎಂದ ಕೊನೆಗೆ. "ನನಗ ಗೊತ್ತ ಆಗಿಲ್ಲ."

"ಅಂಜಿಕಿ ನನಗ ಇರಲಿಲ್ಲೇನ್ರಿ? ನಿಮ್ಮ ಕೈ ಮುರದರ ಗತಿ ಏನಂತ ದಿನಾ ಅಂಜೇನಿ. ಆದ್ರೂ ಸುತ್ತಿಗಿ ಇಳಸಿಲ್ಲ." ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಿತ್ತು. "ಕುಳ ಆರಾಕತ್ತೇತಿ. ಹಿಡೀರಿ."

ಲಕ್ಷ್ಮಪ್ಪ ಕುಳವನ್ನು ಮತ್ತೆ ಬೆಂಕಿಗೆ ಹಾಕಿ ಕಾಯಿಸಿ ತಂದ. ಎರಡೂ ಕೈಯಲ್ಲಿ ಇಕ್ಕಳ ಬಿಗಿದು ಹಿಡಿದ, ಕಣ್ಣು ಮುಚ್ಚಿಕೊಂಡ. ಹೊಳೆವ್ವ ಸೊಂಟ ತಿರುವಿ ಸುತ್ತಿಗೆ ತಂದಳು. ಕೈ ಅಲುಗಲಿಲ್ಲ, ಪೆಟ್ಟು ನಟ್ಟನಡುವೆ ಬಿತ್ತು.

"ಕಣ್ಣ ತೆರೀರಿ," ಎಂದಳು. "ಇನ್ನ ಭಾಳ ಪೆಟ್ಟು ಅದಾವು."