ಕಡ್ಡಿಗೆ ಒಗ್ಗಿದ ಅಕ್ಕಿ

ಮಾನ್ವಿಯ ನಮ್ಮ ರೈಸ್ ಮಿಲ್ಲಿನಲ್ಲಿ ಬಸವಂತಮ್ಮನ ಕೆಲಸ ಏನೆಂದು ಹೇಳಿದರೆ ಹೊಸಬರು ಮೊದಲು ನಗುತ್ತಾರೆ. ಅನ್ನ ಮಾಡುವುದು, ಮಾಡಿದ ಅನ್ನವನ್ನು ನೋಡುವುದು, ಅಷ್ಟೇ. ರೈತರು ಭತ್ತ ತಂದಾಗ ಚೀಲದಿಂದ ಒಂದೆರಡು ಹಿಡಿ ತೆಗೆದು, ಸಣ್ಣ ಯಂತ್ರದಲ್ಲಿ ಹೊಟ್ಟು ಬಿಡಿಸಿ ಅವಳ ಒಲೆಯ ಮುಂದೆ ಇಡುತ್ತೇವೆ. ಅವಳು ಬೇಯಿಸಿ, ತಟ್ಟೆಯಲ್ಲಿ ಹರವಿ, ಐದೂ ಬೆರಳು ಆಡಿಸುತ್ತಾಳೆ. ಅಗುಳು ಬಿಡಿಬಿಡಿಯಾಗಿ ಉದುರಿದರೆ ತಲೆಯಾಡಿಸುತ್ತಾಳೆ. ಅಂಟಿದರೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾಳೆ. ಕೈ ಒರೆಸಿಕೊಂಡಳೆಂದರೆ ಆ ಟ್ರ್ಯಾಕ್ಟರ್ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ನಮ್ಮ ಸಾವ್ಕಾರ ರಾಮಲಿಂಗಪ್ಪ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಆ ತೀರ್ಪಿಗೆ ಎದುರಾಡಿಲ್ಲ.

ನಾನು ಹಂಪಣ್ಣ. ಗೇಟಿನಲ್ಲಿ ಕೂತು ಬಂದ ಗಾಡಿಗಳ ಹೆಸರು ಬರೆಯುತ್ತೇನೆ ಎಂದು ಸಂಬಳ ಕೊಡುತ್ತಾರೆ. ನಿಜವಾಗಿ ನಾನು ಮಾಡುವ ಕೆಲಸ ಬಸವಂತಮ್ಮ ನೋಡಿ ಮುಗಿಸಿದ ಅನ್ನವನ್ನು ಉಣ್ಣುವುದು. ಸುಗ್ಗಿಯ ದಿನಗಳಲ್ಲಿ ಏಳೆಂಟು ಸಲ ಉಣ್ಣುತ್ತೇನೆ. ನನ್ನ ಹೊಟ್ಟೆಯ ಗಾತ್ರದ ಬಗ್ಗೆ ಯಾರೂ ಮಾತಾಡಬಾರದು, ಅದು ಮಿಲ್ಲಿನ ಸೇವೆಯಲ್ಲಿ ಬೆಳೆದದ್ದು.

ಇಂಥ ಹೆಂಗಸಿನ ಮನಸ್ಸಿಗೆ ಒಂದು ಮುಳ್ಳು ಚುಚ್ಚಿಕೊಂಡಿತ್ತು. ಎರಡು ವರ್ಷದ ಹಿಂದಿನ ಸುಗ್ಗಿಯಲ್ಲಿ ಅವಳ ಸ್ವಂತ ಅಕ್ಕ ಸೂಗಮ್ಮ ಹಿರೇಕೊಟ್ನೆಕಲ್‌ನಿಂದ ಭತ್ತ ತಂದಿದ್ದಳು. ಎಲ್ಲರೂ ಸಣ್ಣ ಸೋನಾ ಬೆಳೆಯುವಾಗ ಸೂಗಮ್ಮ ಮಾತ್ರ ತನ್ನ ಅತ್ತೆ ಕಾಪಾಡಿಕೊಂಡು ಬಂದ ಗುಂಡು ಕಾಳಿನ ಬೀಜವನ್ನೇ ಬಿತ್ತುವವಳು. ಬಸವಂತಮ್ಮ ಬೇಯಿಸಿದಳು, ಹರವಿದಳು, ಬೆರಳು ಆಡಿಸಿದಳು. ಅನ್ನ ಬೆರಳಿಗೆ ಮೆತ್ತಿಕೊಂಡಿತು. ಹಮಾಲರು, ಚಾಲಕರು, ಹತ್ತು ಊರಿನ ರೈತರು ನೋಡುತ್ತ ನಿಂತಿದ್ದರು. ಅವಳು ಸೆರಗಿಗೆ ಕೈ ಒರೆಸಿಕೊಂಡು, ಇದು ಚಲೋ ಇಲ್ಲ ಎಂದುಬಿಟ್ಟಳು. ಸೂಗಮ್ಮ ಚೀಲಗಳನ್ನು ಮತ್ತೆ ಹೇರಿಸಿಕೊಂಡು ಹೋದಳು. ಅವತ್ತಿನಿಂದ ಅಕ್ಕ ತಂಗಿಯ ಮುಖ ನೋಡಿರಲಿಲ್ಲ. ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೂ ಕರೆಯಲಿಲ್ಲ. ತಂಗಿ ಅದನ್ನು ನೆನೆದಾಗೆಲ್ಲ ಒಲೆಯ ಹೊಗೆಯ ಮೇಲೆ ತಪ್ಪು ಹಾಕಿ ಅಳುತ್ತಿದ್ದಳು. ಅದು ಗ್ಯಾಸ್ ಒಲೆ.

ಈಗ ಕಡ್ಡಿಯ ಕತೆಗೆ ಬರುತ್ತೇನೆ. ಕಳೆದ ತಿಂಗಳು ಮಲ್ಲೇಶ ಎಂಬಾತ ರಾಯಚೂರಿನಿಂದ ಬೈಕಿನಲ್ಲಿ ಬಂದ. ದೇವದುರ್ಗ ತಾಲೂಕಿನ ಜಾಲಹಳ್ಳಿಯವನು. ಗೋವಾದ ಒಂದು ದೊಡ್ಡ ಹೋಟೆಲ್ಲಿನಲ್ಲಿ ಆರು ವರ್ಷ ತರಕಾರಿ ಹೆಚ್ಚಿ, ಈಗ ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಸಸ್ಯಾಹಾರಿ ಅಂಗಡಿ ತೆರೆದಿದ್ದ. ಗೋವಾದಲ್ಲಿ ಕಂಡ ಜಪಾನಿನ ರೀತಿಯಲ್ಲೇ ಬಟ್ಟಲಲ್ಲಿ ಅನ್ನ, ಮೇಲೆ ತರಕಾರಿ, ತಿನ್ನಲು ಎರಡು ಬಿದಿರು ಕಡ್ಡಿ. ಬೋರ್ಡಿನ ಮೇಲೂ ಎರಡು ಕಡ್ಡಿಯ ಚಿತ್ರ. ಜಿಲ್ಲೆಯಲ್ಲೇ ಹೆಸರಾದ ಅಕ್ಕಿ ಬೇಕೆಂದು ನಮ್ಮ ಮಿಲ್ಲಿನದನ್ನೇ ಒಯ್ದ. ಹದಿನೈದು ದಿನದಲ್ಲಿ ವಾಪಸ್ ಬಂದು ಗೇಟಿನಲ್ಲಿ ನಿಂತು, ನಿಮ್ಮ ಅಕ್ಕಿ ಸರಿ ಇಲ್ಲ ಎಂದ.

ನಾನು ಪೆನ್ನು ಕೆಳಗಿಟ್ಟೆ. ಹಮಾಲರು ಚೀಲ ಕೆಳಗಿಟ್ಟರು. ಒಳಗಿನಿಂದ ಬಸವಂತಮ್ಮ ಸೌಟು ಹಿಡಿದೇ ಹೊರಗೆ ಬಂದಳು. ಯಾವ ಅಕ್ಕಿ, ಯಾವ ಬಾಯಿ ಹಾಗೆಂದಿತು ಎಂದು ಕೇಳಿದಳು. ಮಲ್ಲೇಶ ಎರಡು ಹೆಜ್ಜೆ ಹಿಂದೆ ಸರಿದು, ತಾನು ತಿಂದರೆ ಚೆನ್ನಾಗಿದೆ, ಗಿರಾಕಿಗಳ ಬಾಯಿಗೆ ಮಾತ್ರ ಹೋಗುತ್ತಿಲ್ಲ ಎಂದ. ಸಾವ್ಕಾರ ಒಳಗಿನಿಂದಲೇ ಕೂಗಿ, ಬಸವಂತಮ್ಮನೂ ನಾನೂ ನಾಳೆಯೇ ರಾಯಚೂರಿಗೆ ಹೋಗಿ ನೋಡಿ ಬರಬೇಕೆಂದರು. ಊಟ ಇರುವ ಕಡೆ ನನ್ನನ್ನು ಕಳಿಸುವುದು ಅವರ ದೊಡ್ಡ ಗುಣ.

ಮರುದಿನ ಮಧ್ಯಾಹ್ನ ಆ ಅಂಗಡಿಯಲ್ಲಿ ನಾನು ಕಂಡದ್ದನ್ನು ಬದುಕಿರುವವರೆಗೂ ಮರೆಯುವುದಿಲ್ಲ. ದೇವದುರ್ಗದಿಂದ ಮದುವೆ ಜವಳಿಗೆ ಬಂದಿದ್ದ ಒಂದು ಕುಟುಂಬ, ಹನ್ನೊಂದು ಮಂದಿ, ಸಾಲಾಗಿ ಕೂತು ಕಡ್ಡಿಯ ಜೊತೆ ಕುಸ್ತಿ ಹಿಡಿದಿದ್ದರು. ಮದುಮಗ ಎರಡು ಕೈಗೆ ಒಂದೊಂದು ಕಡ್ಡಿ ಹಿಡಿದು ಎರಡರ ನಡುವೆ ಅನ್ನ ಎತ್ತುವ ಹೊತ್ತಿಗೆ ಅಷ್ಟೂ ಅಗುಳು ಉದುರಿ ಹೊಸ ಅಂಗಿಯ ಜೇಬಿಗೆ ಬಿತ್ತು. ಅವನ ಸೋದರಮಾವ ಕಡ್ಡಿಯಲ್ಲಿ ಬೀನ್ಸ್ ಚುಚ್ಚಿ ಚುಚ್ಚಿ ತಿಂದು ಅನ್ನವನ್ನು ಹಾಗೇ ಬಿಟ್ಟಿದ್ದ. ಅಜ್ಜಿ ಮಾತ್ರ ಕಡ್ಡಿಯಿಂದ ಬೆನ್ನು ಕೆರೆದುಕೊಂಡು, ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು, ಕೈಯಿಂದ ಉಂಡು ಮುಗಿಸಿ ಮೊಸರು ಕೇಳುತ್ತಿದ್ದಳು. ಪಕ್ಕದ ಮೇಜಿನವನು ಮಂಡಕ್ಕಿಯ ಮಂಡಾಳ ಒಗ್ಗರಣಿಯನ್ನೂ ಹೀಗೇ ಕಡ್ಡಿಯ ಜೊತೆ ಕೊಡುತ್ತೀರಾ ಎಂದು ವಿಚಾರಿಸಿದ. ಎಲ್ಲರೂ ನಗುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ಕೊನೆಗೆ ಎಲ್ಲರೂ ಚಮಚ ಕೇಳುತ್ತಿದ್ದರು. ಮಲ್ಲೇಶ ಚಮಚ ಕೊಡುವಾಗಲೆಲ್ಲ ಅವನ ಮುಖ ಬಾಡುತ್ತಿತ್ತು. ಚಮಚದಲ್ಲಿ ತಿನ್ನುವುದಾದರೆ ನನ್ನ ಅಂಗಡಿಗೇ ಯಾಕೆ ಬರುತ್ತಾರೆ, ಮುಂದಿನ ತಿಂಗಳು ಬಾಗಿಲು ಹಾಕಬೇಕಾಗುತ್ತದೆ ಎಂದು ನನ್ನ ಕಿವಿಯಲ್ಲಿ ಹೇಳಿಕೊಂಡ.

ಬಸವಂತಮ್ಮ ತಾನೂ ಕಡ್ಡಿ ಹಿಡಿದಳು. ಅವಳ ಬೆರಳು ಸಾಮಾನ್ಯದ್ದಲ್ಲ, ಐದೇ ನಿಮಿಷದಲ್ಲಿ ಹಿಡಿತ ಕಲಿತಳು. ಆದರೂ ಒಂದು ಸಲಕ್ಕೆ ಎತ್ತಿದ್ದು ಎರಡು ಅಗುಳು, ಬಾಯಿಗೆ ಸೇರಿದ್ದು ಒಂದು. ಈ ಲೆಕ್ಕದಲ್ಲಿ ಬಟ್ಟಲು ಖಾಲಿಯಾಗಲು ಯುಗಾದಿ ಬರಬೇಕು ಎಂದು ನಾನು ಅಂದೆ. ಅವಳು ನಗಲಿಲ್ಲ. ಅನ್ನವನ್ನೇ ನೋಡುತ್ತಿದ್ದಳು. ಎದ್ದು ಹೋಗಿ ಪಾತ್ರೆಯ ತಳದಲ್ಲಿ ಹೆಚ್ಚು ಬೆಂದು ಗಂಟುಕಟ್ಟಿದ್ದ ಅನ್ನವನ್ನು ಬಟ್ಟಲಿಗೆ ಹಾಕಿಕೊಂಡು ಬಂದಳು. ನಾವಾದರೆ ದನಕ್ಕೆ ಇಡುವ ಅನ್ನ ಅದು. ಕಡ್ಡಿಯಿಂದ ಹಿಡಿದಳು. ಒಂದು ತುತ್ತು ಪೂರ್ತಿ ಮೇಲೆದ್ದಿತು, ನೆಟ್ಟಗೆ ಬಾಯಿಗೆ ಹೋಯಿತು.

ಗೋವಾದಲ್ಲಿ ಅನ್ನ ಹೇಗಿರುತ್ತಿತ್ತು ಎಂದು ಅವಳು ಕೇಳಿದಾಗ ಮಲ್ಲೇಶ ತಲೆ ಕೆರೆದುಕೊಂಡ. ಅಲ್ಲಿನದು ಸ್ವಲ್ಪ ಅಂಟುತ್ತಿತ್ತು, ಪಾಪ ಅಡುಗೆಯವನಿಗೆ ಬರುವುದಿಲ್ಲ ಎಂದುಕೊಂಡಿದ್ದೆ ಎಂದ. ತಪ್ಪು ಅವನೊಬ್ಬನದೇ ಅಲ್ಲ. ನಮ್ಮ ಜಿಲ್ಲೆಯಲ್ಲಿ ಹುಟ್ಟಿದ ಯಾವನಿಗೂ ಅಂಟುವ ಅನ್ನ ಒಳ್ಳೆಯದಿರಬಹುದು ಎಂದು ಕನಸಿನಲ್ಲೂ ಹೊಳೆಯುವುದಿಲ್ಲ.

ವಾಪಸ್ ಮಾನ್ವಿಯಲ್ಲಿ ಬಸ್ ಇಳಿದ ಮೇಲೆ ಬಸವಂತಮ್ಮ ಹೇಳಿದಳು.

“ಹಂಪಣ್ಣಾ, ಆ ಕಡ್ಡಿಗೆ ಒಗ್ಗೂ ಅಕ್ಕಿ ಎಲ್ಲಿ ಅದ ಅಂತ ನಂಗೊತ್ತದ. ನಮ್ಮಕ್ಕನ ಮನ್ಯಾಗ ಅದ.”

ಮಲ್ಲೇಶನೇ ಹೋಗಿ ಕೇಳಿಕೊಂಡು ತರಲಿ ಎಂದೆ. ಅಕ್ಕಿ ಅವನು ತರಬಹುದು, ಮಾತು ನಾನೇ ಆಡಬೇಕು ಎಂದಳು. ಒಂಟಿಯಾಗಿ ಹೋಗಲು ಮಾತ್ರ ಅವಳಿಗೆ ಹೆದರಿಕೆ. ಇಪ್ಪತ್ತೆರಡು ವರ್ಷ ಎಂಥೆಂಥ ಮೀಸೆಯ ರೈತರನ್ನು ತಿರುಗಿಸಿ ಕಳಿಸಿದವಳು, ಅಕ್ಕನ ಬಾಗಿಲಿಗೆ ಹೋಗಲು ನನ್ನ ಹೊಟ್ಟೆಯನ್ನು ಮುಂದೆ ಬಿಟ್ಟುಕೊಂಡು ಹೊರಟಳು.

ಸೂಗಮ್ಮ ಕಟ್ಟೆಯ ಮೇಲೆ ಕೂತು ತೊಗರಿ ಕೇರುತ್ತಿದ್ದಳು. ನನ್ನನ್ನು ಬಾಯಿತುಂಬ ಮಾತಾಡಿಸಿದಳು. ಹೆಂಡತಿ ಮಕ್ಕಳನ್ನು ವಿಚಾರಿಸಿದಳು, ಎಮ್ಮೆ ಕರು ಹಾಕಿತೇ ಎಂದು ಕೇಳಿದಳು. ಆಮೇಲೆ, ನನ್ನ ಜೊತೆ ಯಾರೋ ಬಂದಿದ್ದಾರಲ್ಲ, ಅವರು ನೀರು ಕುಡಿಯುತ್ತಾರೋ ಕೇಳಿ ಎಂದಳು. ಬಸವಂತಮ್ಮ ನನ್ನ ಕಡೆ ತಿರುಗಿ, ಕುಡಿಯುತ್ತಾರೆಂದು ಹೇಳು ಎಂದಳು. ಬಿಸಿಯೋ ತಣ್ಣಗೋ ಕೇಳಿ, ಇದು ಅಕ್ಕ. ಹೇಗಿದ್ದರೂ ನಡೆಯುತ್ತದೆ ಎನ್ನು, ಇದು ತಂಗಿ. ಮೂರು ಮೊಳ ದೂರದಲ್ಲಿ ಕೂತ ಇಬ್ಬರು ಹೆಂಗಸರ ನಡುವೆ ನಾನು ಕಾಲು ಗಂಟೆ ಟಪಾಲು ಹಂಚಿದೆ. ನಗು ಒತ್ತಿ ಹಿಡಿದು ನನ್ನ ಪಕ್ಕೆಗೆ ನೋವು ಬಂತು.

ಕೊನೆಗೆ ಬಸವಂತಮ್ಮನಿಗೆ ತಡೆಯಲಾಗಲಿಲ್ಲ. ಸರ್ರನೆ ಎದ್ದು ಅಡುಗೆಮನೆಗೆ ನುಗ್ಗಿ, ಡಬ್ಬಿಯಿಂದ ಗುಂಡು ಅಕ್ಕಿ ತೆಗೆದು ಒಲೆ ಹಚ್ಚಿದಳು. ಯಾರು ಆಕೆಗೆ ಹೇಳಿದರು ಎಂದು ಸೂಗಮ್ಮ ನನ್ನನ್ನೇ ಬೈದು, ಹಿಂದೆಯೇ ಒಳಗೆ ಹೋದಳು. ನಾನೂ ಹೋದೆ. ಅನ್ನ ಇಳಿಸಿದ ಮೇಲೆ ಬಸವಂತಮ್ಮ ಮಲ್ಲೇಶನ ಅಂಗಡಿಯಿಂದ ತಂದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಎರಡು ಕಡ್ಡಿ ತೆಗೆದು ಒಂದು ತುತ್ತು ಹಿಡಿದು ಅಕ್ಕನ ಮುಖದ ಮುಂದೆ ಎತ್ತಿದಳು. ಒಂದು ಅಗುಳೂ ಬೀಳಲಿಲ್ಲ. ರಾಯಚೂರಿನ ಅಂಗಡಿಯ ಕತೆಯನ್ನೆಲ್ಲ ಹೇಳಿದಳು, ಕಡ್ಡಿ ಹಿಡಿದ ಕೈ ಮಾತ್ರ ಇಳಿಸಲಿಲ್ಲ.

“ಅಂಟ್ತದ ಅಂದಿದ್ದು ಖರೆ ಅಕ್ಕಾ. ಚಲೋ ಇಲ್ಲ ಅಂದಿದ್ದು ನಂದು ತಪ್ಪು.”

ಸೂಗಮ್ಮ ಆ ತುತ್ತನ್ನು ನೋಡಿದಳು. ಒಂದು ಹೆಜ್ಜೆ ಮುಂದೆ ಬಂದಳು. ಇನ್ನೇನು ತಬ್ಬಿಕೊಳ್ಳುತ್ತಾರೆ, ನಾನು ಆ ಅನ್ನಕ್ಕೆ ಸಾರು ಇದೆಯೇ ಎಂದು ನೋಡಬಹುದು ಎಂದುಕೊಂಡೆ.

“ಹತ್ತು ಮಂದಿ ಮುಂದ ಕೈ ಒರಸ್ಕೊಂಡಿ,” ಎಂದಳು ಸೂಗಮ್ಮ. “ಈಗ ಅಡಗಿಮನ್ಯಾಗ ಬಂದು ಹೇಳಿದ್ರ ನಡೀತದೇನು? ಅಲ್ಲೇ ಹೇಳು. ಆ ಮಂದಿ ಮುಂದನ ಹೇಳು.”

ಬಸವಂತಮ್ಮ ಬಿಳಿಚಿಕೊಂಡಳು. ನನಗೂ ಹಸಿವು ಇಳಿದುಹೋಯಿತು. ಅವಳ ಮಾತು ಒಮ್ಮೆ ತಪ್ಪಿತ್ತು ಎಂದು ಗೇಟಿನಲ್ಲಿ ಗೊತ್ತಾದರೆ ನಾಳೆಯಿಂದ ಯಾವ ರೈತ ಅವಳ ಮಾತಿಗೆ ಟ್ರ್ಯಾಕ್ಟರ್ ತಿರುಗಿಸುತ್ತಾನೆ? ಅವಳ ಹತ್ತಿರ ಇದ್ದದ್ದು ಆ ಹೆಸರೊಂದೇ. ಕಡ್ಡಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಸೋಮವಾರ ನೆಲ್ಲು ಹೇರಿಕೊಂಡು ಬಾ ಎಂದಳು.

ಸೋಮವಾರ ಮಿಲ್ಲಿನಲ್ಲಿ ಜಾತ್ರೆಯೇ ನೆರೆಯಿತು. ಮಲ್ಲೇಶ ಕಡ್ಡಿಯ ಕಟ್ಟು ಹೊತ್ತು ತಂದಿದ್ದ. ಸೂಗಮ್ಮನ ಭತ್ತ ಅಕ್ಕಿಯಾಗಿ, ದೊಡ್ಡ ಪಾತ್ರೆಯಲ್ಲಿ ಅನ್ನವಾಗಿ, ಎಲ್ಲರ ತಟ್ಟೆಗೆ ಬಂತು. ಕ್ವಿಂಟಾಲ್ ಹೊರುವ ಹಮಾಲರು ಎರಡು ಕಡ್ಡಿ ಹೊರಲಾಗದೆ ಬೆವರಿದರು. ಒಬ್ಬ ಲಾರಿ ಚಾಲಕ ಗೇರ್ ಹಾಕಿದಂತೆ ಕಡ್ಡಿ ತಿರುಗಿಸಿ ಮೊದಲ ತುತ್ತು ಬಾಯಿಗೆ ಸೇರಿಸಿದ ಕೂಡಲೇ ಚಪ್ಪಾಳೆ ಬಿತ್ತು. ಸಾವ್ಕಾರ ರಾಮಲಿಂಗಪ್ಪನವರು ಟೋಪಿ ತೆಗೆದಿಟ್ಟು, ತೋಳು ಏರಿಸಿ, ತಾವೇ ಎರಡನೆಯವರು ಎಂದು ಸಾರಿದರು. ನಾನು ಮೂರನೆಯವನು. ಅಂಟುವ ಅನ್ನ ಇಷ್ಟು ರುಚಿ ಎಂದು ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ.

ಆಗ ಬಸವಂತಮ್ಮ ಒಲೆಯ ಕಟ್ಟೆಯ ಮುಂದೆ ನಿಂತಳು. ಸೌಟಿನಿಂದ ತಟ್ಟೆ ಬಡಿದಳು. ಎಲ್ಲರೂ ತಿರುಗಿದರು. ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ಇದೇ ಅಕ್ಕಿಗೆ ಏನೆಂದಿದ್ದಳೋ ಅದನ್ನು ಎಲ್ಲರಿಗೂ ನೆನಪಿಸಿದಳು. ಅದು ಗೇಟಿನವರೆಗೆ ಕೇಳಿಸಿತು.

“ನಾನು ತಪ್ಪಿದೆ,” ಎಂದಳು.

ನಗು ನಿಂತಿತು. ಹಿಂದಿನ ಸಾಲಿನಲ್ಲಿದ್ದ ಗುಂಜಹಳ್ಳಿಯ ರೈತನೊಬ್ಬ ತಟ್ಟೆ ಕೆಳಗಿಟ್ಟು, ಹಾಗಾದರೆ ಹೋದ ವಾರ ನನ್ನ ಭತ್ತ ತಿರುಗಿಸಿದ್ದೂ ತಪ್ಪೇ ಇರಬೇಕಲ್ಲ, ಇವರ ಮಾತನ್ನು ಇನ್ನು ಯಾಕೆ ಕೇಳಬೇಕು ಎಂದ. ಇಬ್ಬರು ಮೂವರು ಹೌದೆಂದು ಗುಸುಗುಟ್ಟಿದರು. ಸಾವ್ಕಾರರೂ ತಲೆ ತಗ್ಗಿಸಿದರು. ಬಸವಂತಮ್ಮ ನಿಂತಲ್ಲೇ ನಿಂತಿದ್ದಳು, ಸೌಟು ಹಿಡಿದ ಕೈ ಎಲ್ಲಿಡಬೇಕೆಂದು ಗೊತ್ತಾಗದೆ. ಅವಳನ್ನು ಹಾಗೆ ನೋಡಲು ನನಗೆ ಆಗಲಿಲ್ಲ.

ಸೂಗಮ್ಮ ಮಂದಿಯನ್ನು ಸರಿಸಿಕೊಂಡು ಮುಂದೆ ಬಂದಳು. ತಂಗಿಯ ಪಕ್ಕದಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ಆ ರೈತನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಆಕಿ ನನ್ನ ಅಕ್ಕಿ ಅಂಟ್ತದ ಅಂದ್ಳು. ಅದು ಇವತ್ತೂ ಅಂಟ್ತದ, ನೀನ ತಿಂದಿ. ಒಡಹುಟ್ಟಿದಾಕಿ ಅಂತ ನನಗೂ ಸುಳ್ಳು ಹೇಳ್ಲಿಲ್ಲ ನನ್ನ ತಂಗಿ. ನಿನಗ್ಯಾಕ ಹೇಳ್ತಾಳ? ನಿನ್ನ ನೆಲ್ಲು ಚಲೋ ಇಲ್ಲ ಅಂದ್ರ ಚಲೋ ಇಲ್ಲ, ಸುಮ್ನ ಮನಿಗಿ ಹೋಗು.”

ಮೊದಲು ಹಮಾಲರು ನಕ್ಕರು, ಆಮೇಲೆ ಆ ರೈತನೇ ನಕ್ಕ. ಬಸವಂತಮ್ಮ ಮಾತ್ರ ಅಕ್ಕನ ಹೆಗಲಿಗೆ ಮುಖ ಒತ್ತಿಕೊಂಡು ಜೋರಾಗಿ ಅತ್ತಳು. ಸೂಗಮ್ಮ ಬೆನ್ನು ಸವರುತ್ತಲೇ, ಅನ್ನಕ್ಕೆ ನೀರು ಒಂದು ಲೋಟ ಹೆಚ್ಚಾಗಿದೆ ಎಂದು ಬೈಯಲು ಶುರು ಮಾಡಿದಳು. ಇಬ್ಬರೂ ಬೈದಾಡಿಕೊಳ್ಳುತ್ತಲೇ ಒಳಗೆ ಹೋಗಿ ಕೂತರು. ಸಂಜೆಯವರೆಗೆ ಹೊರಗೆ ಬರಲೇ ಇಲ್ಲ. ಗೇಟಿನಲ್ಲಿ ಆರು ಟ್ರ್ಯಾಕ್ಟರ್‌ಗಳು ಸಾಲಾಗಿ ಕಾಯುತ್ತಿದ್ದವು, ಅಕ್ಕ ತಂಗಿಯರನ್ನು ಕರೆಯುವ ಧೈರ್ಯ ಸಾವ್ಕಾರರಿಗೂ ಆಗಲಿಲ್ಲ.