ಹೆಸರು ಬರೆಯುವ ಕೈ

ನನ್ನ ಭಾವನ ಅಕ್ಷರ ಈ ಊರಿನ ಸಾವಿರಾರು ಮನೆಗಳ ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಕೂತಿದೆ. ಡಾಕ್ಟರುಗಳ ಕ್ಲಿನಿಕ್ಕಿನಲ್ಲಿದೆ, ವಕೀಲರ ಕುರ್ಚಿಯ ಹಿಂದಿದೆ, ಓದಿಯೂ ಕೆಲಸ ಸಿಗದವರ ಟ್ರಂಕಿನ ತಳದಲ್ಲೂ ಇದೆ. ಇದನ್ನು ಬರೆದವರು ಯಾರು ಎಂದು ಒಬ್ಬರೂ ಕೇಳಿದ್ದಿಲ್ಲ. ಯಾಕೆ ಕೇಳಬೇಕು ಎನ್ನುತ್ತಿದ್ದರು ಭಾವ. ನನಗೆ ಮಾತ್ರ ಅದು ಇವತ್ತಿಗೂ ಹೊಟ್ಟೆ ಉರಿಯುವ ಸಂಗತಿ.

ಅವರು ನನ್ನ ಅಕ್ಕನ ಗಂಡ. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಪದವಿಪತ್ರಗಳ ಮೇಲೆ ಹೆಸರು ಬರೆಯುವುದು ಅವರ ಕೆಲಸ. ಪತ್ರದ ಉಳಿದದ್ದೆಲ್ಲ ಅಚ್ಚಾಗಿ ಬರುತ್ತಿತ್ತು, ನಡುವೆ ಒಂದು ಸಾಲು ಮಾತ್ರ ಖಾಲಿ. ಆ ಸಾಲನ್ನು ಮಸಿಯಲ್ಲಿ ಅದ್ದುವ ನಿಬ್ಬಿನ ಲೇಖನಿಯಿಂದ ಇವರು ತುಂಬಬೇಕು. ಮೆಟ್ಟಿಲ ಕೆಳಗಿನ ಒಂದು ಕೋಣೆ, ಇಳಿಜಾರು ಮೇಜು, ಒಂದು ಕಿಟಕಿ. ಕಾಗದ ಹಾರುತ್ತದೆಂದು ಫ್ಯಾನು ಹಾಕುತ್ತಿರಲಿಲ್ಲ. ಸೆಕೆಯ ದಿನಗಳಲ್ಲಿ ಬೆವರು ತೊಟ್ಟಿಕ್ಕಿ ಯಾರದೋ ಹೆಸರು ಕಲಸಿಹೋಗಬಾರದೆಂದು ಹಣೆಗೆ ಕರವಸ್ತ್ರ ಕಟ್ಟಿಕೊಂಡು ಕೂರುತ್ತಿದ್ದರು. ಕಚೇರಿಯವರು ಅವರನ್ನು ಅಕ್ಷರದಣ್ಣ ಎಂದು ಕರೆಯುತ್ತಿದ್ದರು.

ಅವರಿಗೊಂದು ಅಭ್ಯಾಸವಿತ್ತು. ಲೇಖನಿ ಅದ್ದುವ ಮೊದಲು ಬರೆಯಬೇಕಾದ ಹೆಸರನ್ನು ಮೆಲ್ಲಗೆ ಒಂದು ಸಲ ಬಾಯಿಬಿಟ್ಟು ಹೇಳುತ್ತಿದ್ದರು, ಪಕ್ಕದ ಕೋಣೆಯಲ್ಲಿರುವ ಯಾರನ್ನೋ ಕರೆದ ಹಾಗೆ. ಆಮೇಲೆಯೇ ಬರೆಯುವುದು. ನಾನು ಒಮ್ಮೆ ನಕ್ಕಾಗ, "ಹೆಸರು ಬಾಯಿಗೆ ಬರದೆ ಕೈಗೆ ಬರಲ್ಲ ಮೇಷ್ಟ್ರೇ" ಎಂದರು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಭಾವಮೈದ ಎನ್ನುವ ಬದಲು ಅವರು ನನ್ನನ್ನು ಹಾಗೇ ಕರೆಯುತ್ತಿದ್ದರು, ಅದರಲ್ಲಿ ಅರ್ಧ ಗೌರವ, ಅರ್ಧ ಗೇಲಿ.

ಅಕ್ಕನ ಮಗಳು ರಜೆಯಲ್ಲಿ ಆ ಕೋಣೆಯಲ್ಲೇ ಬೆಳೆದವಳು. ಹಾಳಾದ ಕಾಗದದ ಹಿಂದೆ ಚಿತ್ರ ಬಿಡಿಸುತ್ತಾ, ಅಪ್ಪ ಹೇಳಿದ ಹೆಸರನ್ನೆಲ್ಲ ಗಿಳಿಯ ಹಾಗೆ ತಾನೂ ಹೇಳುತ್ತಿದ್ದಳು. "ನನ್ನ ಹೆಸರು ಯಾವಾಗ ಬರೀತೀರಪ್ಪಾ?" ಎಂದು ಕೇಳುವಳು. "ನೀನು ಪಾಸಾಗು, ಬರೀತೀನಿ. ನಿನ್ನ ಹೆಸರಿಗೆ ಹೊಸಾ ನಿಬ್ಬು" ಎನ್ನುವರು. ತಮಾಷೆಗೆ ಆಡಿದ ಮಾತಲ್ಲ ಅದು. ಒಂದು ನಿಬ್ಬನ್ನು ಎಣ್ಣೆಕಾಗದದಲ್ಲಿ ಸುತ್ತಿ ನಿಜವಾಗಿಯೂ ಡಬ್ಬಿಯಲ್ಲಿ ಇಟ್ಟಿದ್ದರು. ಅವರಿಗೆ ದೊಡ್ಡ ಆಸೆಗಳಿರಲಿಲ್ಲ. ಇದ್ದದ್ದು ಇದೊಂದೇ.

ಅವಳು ಕಾಲೇಜು ಸೇರಿದ ವರ್ಷ ಕಚೇರಿಗೆ ಹೊಸ ಅಧಿಕಾರಿಯೊಬ್ಬರು ಬಂದರು. ಭಾವನನ್ನು ಕರೆದು, ದೊಡ್ಡ ಹಾಳೆಗಳ ಮೇಲೆ ಎಲ್ಲ ಅಕ್ಷರಗಳನ್ನೂ ಬಿಡಿಬಿಡಿಯಾಗಿ ಬರೆಸಿಕೊಂಡರು. ಮುಂದೆ ಬರುವವರಿಗೆ ಮಾದರಿ ಬೇಕು ಎಂದರಂತೆ. ಭಾವ ಆ ಸಂಜೆ ಮನೆಗೆ ಬಂದು, "ಫ್ರೇಮ್ ಹಾಕಿಸ್ತಾರೆ ಕಣೇ" ಎಂದು ಅಕ್ಕನ ಮುಂದೆ ಹಿಗ್ಗಿದರು. ಫ್ರೇಮು ಎಲ್ಲೂ ಕಾಣಲಿಲ್ಲ, ಭಾವ ಕೇಳಲೂ ಇಲ್ಲ.

ಅದರ ಮರುವರ್ಷ ಕೈ ಮುಷ್ಕರ ಹೂಡಿತು. ಒಂದು ಬೆಳಿಗ್ಗೆ ಯಾವುದೋ ಹೆಸರಿನ ನಡುವೆ ತೋರುಬೆರಳು ಸೆಟೆದುಕೊಂಡು, ಮಣಿಕಟ್ಟು ಒಳಕ್ಕೆ ತಿರುಚಿ, ನಿಬ್ಬು ಕಾಗದವನ್ನು ಹರಿದುಹಾಕಿತು. ಭಾವ ನಿಬ್ಬನ್ನು ದೂರಿದರು. ಆಮೇಲೆ ಮಸಿಯನ್ನು, ಕುರ್ಚಿಯ ಎತ್ತರವನ್ನು. ಎಲ್ಲ ಬದಲಾಯಿಸಿದರೂ ಲೇಖನಿ ಹಿಡಿದ ಕೂಡಲೇ ಅದೇ ಕಥೆ. ವಿಚಿತ್ರವೆಂದರೆ ಬೇರೆ ಯಾವುದಕ್ಕೂ ಆ ಕೈ ತಕರಾರು ಮಾಡುತ್ತಿರಲಿಲ್ಲ. ಈರುಳ್ಳಿ ಹೆಚ್ಚುತ್ತಿತ್ತು, ಸೂಜಿಗೆ ದಾರ ಪೋಣಿಸುತ್ತಿತ್ತು, ನಿಂತುಹೋದ ಗಡಿಯಾರ ಬಿಚ್ಚಿ ಜೋಡಿಸುತ್ತಿತ್ತು.

ಅದಕ್ಕೇ ಯಾರೂ ನಂಬಲಿಲ್ಲ. "ಅಕ್ಷರದಣ್ಣನಿಗೆ ಊಟಕ್ಕೆ ಬರೋ ಕೈ ಕೆಲಸಕ್ಕೆ ಬರಲ್ವಂತೆ" ಎಂದು ಕಚೇರಿಯಲ್ಲಿ ನಗಾಡಿದರು. ನನ್ನಕ್ಕನೂ ಅಡುಗೆಮನೆಯಲ್ಲಿ ದನಿ ತಗ್ಗಿಸಿ, "ನನಗಂತೂ ಅರ್ಥ ಆಗ್ತಿಲ್ಲ ಕಣೋ. ಬೇಜಾರಾಗಿ ಹೀಗೆ ಮಾಡ್ತಿದಾರೋ ಏನೋ" ಎಂದಳು. ಭಾವ ಹೊರಗೆ ನಿಂತು ಚಪ್ಪಲಿಯ ಬಾರು ಹೊಲಿಯುತ್ತಿದ್ದರು. ಕೇಳಿಸಿರಬೇಕು, ಸೂಜಿ ಸ್ವಲ್ಪ ಹೊತ್ತು ನಿಂತಿತು.

ಭಾವ ರಜೆಯ ಮೇಲೆ ರಜೆ ಹಾಕತೊಡಗಿದರು. ಅಲ್ಲಿಂದ ಶುರುವಾಯಿತು ನಮ್ಮ ಅಲೆದಾಟ. ಮೊದಲು ಕಚೇರಿಯ ಗೇಟಿನ ಪಕ್ಕ ಕೂರುವ ಹಸ್ತಸಾಮುದ್ರಿಕದವನು. ಅವನು ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿ, "ರೇಖೆ ಎಲ್ಲಾ ಚೆನ್ನಾಗಿದೆ ಸ್ವಾಮಿ, ಈ ಕೈಗೆ ಹೆಸರು ಬರೋದು ಇನ್ನೂ ಬಾಕಿ ಇದೆ" ಎಂದ. ಆಮೇಲೆ ಬೆನ್ನುಮೂಳೆ ಒತ್ತುವ ಕೈರೋಪ್ರಾಕ್ಟರು. ಅವನು ಭಾವನನ್ನು ಹಲಗೆಯ ಮೇಲೆ ಮಲಗಿಸಿ ಕುತ್ತಿಗೆಯನ್ನು ಲಟಕ್ಕೆಂದು ತಿರುಗಿಸಿದ. ಕೈ ಇದ್ದ ಹಾಗೇ ಇತ್ತು, ಕುತ್ತಿಗೆಯೂ ಒಂದು ವಾರ ಹಿಡಿದುಕೊಂಡಿತು. ಮೂರನೆಯದು ದೊಡ್ಡಾಸ್ಪತ್ರೆಯ ಸರ್ಜನ್.

ಸರ್ಜನ್ ಒಳ್ಳೆಯ ಮನುಷ್ಯ. ಬರೆಸಿ ನೋಡಿದರು, ನರಗಳ ಪರೀಕ್ಷೆ ಮಾಡಿಸಿದರು, ಕೊನೆಗೆ ಕತ್ತರಿ ಹಾಕುವುದಿಲ್ಲ ಎಂದರು. "ತೊಂದರೆ ಇರೋದು ಕೈಯಲ್ಲಲ್ಲ ಯಜಮಾನ್ರೇ, ಮಿದುಳಲ್ಲಿ. ಬೆರಳಿಗೆ ಹೋಗೋ ಅಪ್ಪಣೆ ಎಲ್ಲೋ ಸಿಕ್ಕಾಗಿದೆ. ಬರೆದು ಬರೆದೇ ಬರೋ ಕಾಯಿಲೆ ಇದು, ಕೈರೋಸ್ಪಾಸಮ್ ಅಂತಾರೆ."

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಸುಮ್ಮನಿರಬೇಕಿತ್ತು. ಆದರೆ ಪದಗಳ ಮೂಲ ಕೆದಕುವುದು ನನ್ನ ಹುಟ್ಟುಗುಣ. "ಭಾವ, ಒಂದು ಸ್ವಾರಸ್ಯ ಗೊತ್ತಾ? ಗ್ರೀಕಿನಲ್ಲಿ ಕೈಗೆ ಖೈರ್ ಅಂತಾರೆ. ನೀವು ಮಾಡೋ ಕೆಲಸಕ್ಕೆ ಇಂಗ್ಲಿಷಲ್ಲಿ ಕೈರೋಗ್ರಫಿ ಅನ್ನಬಹುದು, ಕೈಬರಹ. ಗೇಟಿನ ಹತ್ತಿರದವನ ವಿದ್ಯೆ ಕೈರೋಮನ್ಸಿ. ಕುತ್ತಿಗೆ ತಿರುಚಿದೋನು ಕೈರೋಪ್ರಾಕ್ಟರ್. ಸರ್ಜನ್ ಅನ್ನೋದೂ ಅದೇ, ಕೈಯಿಂದ ಕೆಲಸ ಮಾಡೋನು ಅಂತ, ಹಳೇ ಪದ ಸವೆದು ಸವೆದು ಹಾಗಾಗಿದೆ. ಬಾವಲಿಗಳ ಜಾತಿಗೂ ಅದೇ ಹೆಸರು, ಕೈರಾಪ್ಟೆರ, ಅವಕ್ಕೆ ಕೈಯೇ ರೆಕ್ಕೆ ನೋಡಿ."

ಭಾವ ಕಿಟಕಿಯ ಆಚೆ ನೋಡುತ್ತಾ ಕೇಳಿಸಿಕೊಂಡರು. "ಅಂದ್ರೆ ನನ್ನ ಕಸುಬು, ನನ್ನ ಕಾಯಿಲೆ, ನನ್ನ ವೈದ್ಯರು, ಎಲ್ಲಾ ಒಂದೇ ಮನೆಯೋರು ಅನ್ನಿ."

"ಹೌದು."

"ಆ ಮನೆಯೋರನ್ನೆಲ್ಲಾ ನೋಡಿದ್ದಾಯ್ತು ಮೇಷ್ಟ್ರೇ. ಇನ್ನು ಉಳಿದಿರೋದು ಬಾವಲಿ ಒಂದೇ."

ನಾವಿಬ್ಬರೂ ನಕ್ಕೆವು. ಅವರು ನಗುವುದನ್ನು ನಾನು ಬೇಗ ನಿಲ್ಲಿಸಿದ್ದರೆ ಚೆನ್ನಾಗಿತ್ತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಎಡಗೈಯಲ್ಲಿ ಬರೆಯಬಹುದಲ್ಲ ಎಂದವಳು ಮಗಳು. ಅವಳಿಗಾಗ ಕೊನೆಯ ವರ್ಷ. ತನ್ನ ಹಳೆಯ ಕಾಪಿಪುಸ್ತಕ ತಂದು ಅಪ್ಪನ ಮುಂದಿಟ್ಟಳು. ಜೀವನವೆಲ್ಲ ಬರೆದ ಮನುಷ್ಯ ನಾಲಿಗೆ ಕಚ್ಚಿಕೊಂಡು ಒಂದನೇ ಕ್ಲಾಸಿನವರ ಹಾಗೆ ಗೆರೆಯ ಮೇಲೆ ಅಕ್ಷರ ತಿದ್ದತೊಡಗಿದರು. ಅಕ್ಕ ಈಗ ನಂಬಿದ್ದಳು. ಊಟದ ಮೇಜನ್ನು ಅವರಿಗೆ ಬಿಟ್ಟುಕೊಟ್ಟು ನಾವೆಲ್ಲ ನೆಲದ ಮೇಲೆ ಉಂಡೆವು. ಚಳಿ ಕಳೆಯುವ ಹೊತ್ತಿಗೆ ಎಡಗೈ ಅಕ್ಷರಗಳು ನೆಟ್ಟಗೆ ನಿಂತವು. ಸುಂದರ ಎನ್ನಲಾರೆ, ಮರ್ಯಾದಸ್ಥ ಅಕ್ಷರ. "ಒಂದು ಹೆಸರಿಗೆ ಸಾಕು" ಎಂದರು ಭಾವ. ಅವರ ಮುಖದಲ್ಲಿ ಅಷ್ಟು ಗೆಲುವನ್ನು ಬಹಳ ದಿನಗಳಿಂದ ಕಂಡಿರಲಿಲ್ಲ.

ಮಗಳ ಪರೀಕ್ಷೆಗಳು ಇನ್ನೂ ನಡೆಯುತ್ತಿದ್ದಾಗ ಎಡಗೈಯ ತೋರುಬೆರಳೂ ಸೆಟೆದುಕೊಂಡಿತು. ಒಮ್ಮೊಮ್ಮೆ ಇನ್ನೊಂದು ಕೈಗೂ ಹಬ್ಬುತ್ತದೆ ಎಂದು ಸರ್ಜನ್ ಆಗಲೇ ನನ್ನ ಕಿವಿಯಲ್ಲಿ ಹೇಳಿದ್ದರು. ನಾನು ಯಾರಿಗೂ ಹೇಳಿರಲಿಲ್ಲ, ಹೇಳಿದ್ದರೂ ಅವರು ತಿದ್ದದೆ ಇರುತ್ತಿರಲಿಲ್ಲ. ಭಾವ ಕಾಪಿಪುಸ್ತಕ ಮುಚ್ಚಿ ಮಗಳ ಕೈಗೆ ಕೊಟ್ಟರು. ಮೇಜು ಒರೆಸಿ, "ಇವತ್ತಿಂದ ಎಲ್ರೂ ಮೇಲೆ ಕೂತು ಊಟ ಮಾಡೋಣ" ಎಂದರು. ಅದೇ ತಿಂಗಳು ನಿವೃತ್ತಿ ಬೇಡಿದರು. ಸಹಿ ಹಾಕುವಷ್ಟೂ ಕೈ ಬರುತ್ತಿರಲಿಲ್ಲ.

ಮಗಳು ಪಾಸಾದಳು, ದೂರದ ಊರಿನ ಶಾಲೆಯಲ್ಲಿ ಟೀಚರ್ ಆದಳು. ಪದವಿಪತ್ರ ಬಂದಾಗ ಅವಳಿಗೆ ರಜೆ ಸಿಗಲಿಲ್ಲ. ತಂದೆಗೆ ಕೊಡಿ ಎಂದು ಚೀಟಿ ಬರೆದು ಕಳಿಸಿದಳು. "ಅಪ್ಪನೇ ತರಲಿ ಮಾಮಾ, ಅವರ ಆಫೀಸಲ್ವಾ" ಎಂದು ನನಗೆ ಫೋನಿನಲ್ಲಿ ಹೇಳಿದಳು. ಭಾವ ಒಪ್ಪಿದರು. ಆದರೆ ಹಳಬರ ಕಣ್ಣಿಗೆ ಬೀಳಬಾರದೆಂದು ಮಧ್ಯಾಹ್ನ ಅವರೆಲ್ಲ ಊಟಕ್ಕೆ ಏಳುವ ಹೊತ್ತು ನೋಡಿ ನನ್ನನ್ನು ಹೊರಡಿಸಿದರು.

ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಈಗ ಖಾಲಿ ರಟ್ಟಿನ ಪೆಟ್ಟಿಗೆಗಳಿದ್ದವು. ಭಾವ ಆ ಕಡೆ ನೋಡಿದರು, ನಿಲ್ಲಲಿಲ್ಲ. ಕೌಂಟರಿನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳಿದ್ದಳು. ಚೀಟಿ ಓದಿ, ಕಟ್ಟು ಹುಡುಕಿ, ಪತ್ರವನ್ನು ತೆಗೆದು ಮುಂದಿಟ್ಟಳು.

ಮಗಳ ಹೆಸರು ಭಾವನ ಅಕ್ಷರದಲ್ಲಿತ್ತು. ಅದೇ ಬಾಗು, ಅದೇ ಬಾಲ, ಏಳುವಾಗ ತೆಳು, ಇಳಿಯುವಾಗ ದಪ್ಪ.

"ಎಷ್ಟು ಚೆನ್ನಾಗಿದೆ ಅಲ್ವಾ ಸಾರ್? ಎಲ್ಲಾ ಪ್ರಿಂಟರೇ ಮಾಡೋದು" ಎಂದಳು ಹುಡುಗಿ. "ಮುಂಚೆ ಯಾರೋ ಇದ್ರಂತೆ ಬರೆಯೋರು. ಅವರ ಅಕ್ಷರಾನೇ ಕಂಪ್ಯೂಟರಿಗೆ ಹಾಕ್ಸಿದಾರೆ."

ಭಾವ ಪತ್ರವನ್ನು ಕಣ್ಣಿನ ಹತ್ತಿರ ಹಿಡಿದರು. ಅವಳ ಹೆಸರಿನಲ್ಲಿ ಒಂದು ಅಕ್ಷರ ಮೂರು ಸಲ ಬರುತ್ತದೆ. ಅವರು ಅದರ ಮೇಲೆ ಬೆರಳು ಆಡಿಸಿದರು. "ಮೂರೂ ಒಂದೇ ಥರ ಇದಾವೆ ಮೇಷ್ಟ್ರೇ" ಎಂದು ನನಗಷ್ಟೇ ಕೇಳುವಂತೆ ಹೇಳಿದರು. "ನಾನಾಗಿದ್ರೆ ಕೊನೇದನ್ನ ಸ್ವಲ್ಪ ಎಳೀತಿದ್ದೆ."

ಹುಡುಗಿ ರಿಜಿಸ್ಟರು ತಿರುಗಿಸಿ ಪೆನ್ನು ಮುಂದಿಟ್ಟಳು. "ಇಲ್ಲೊಂದು ಸಹಿ." ಭಾವ ಪೆನ್ನು ತೆಗೆದುಕೊಂಡರು. ಬೆರಳು ಸೆಟೆಯಿತು, ಮಣಿಕಟ್ಟು ತಿರುಗಿತು, ಪೆನ್ನಿನ ತುದಿ ಒಂದೇ ಚುಕ್ಕೆಯ ಮೇಲೆ ನಡುಗುತ್ತಾ ನಿಂತಿತು. ನಮ್ಮ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಹುಡುಗಿ ನೋಡಿದಳು, ತನಗೆ ಅರ್ಥವಾಯಿತು ಅಂದುಕೊಂಡಳು, ಪಾಪ, ದನಿ ಮೆತ್ತಗೆ ಮಾಡಿದಳು.

"ಪರವಾಗಿಲ್ಲ ತಾತ. ಬರೆಯೋಕೆ ಬರದಿದ್ರೆ ಹೆಬ್ಬೆಟ್ಟು ಒತ್ತಿ, ಸಾಕು. ಮಗಳನ್ನ ಇಷ್ಟು ಓದಿಸಿದೀರಲ್ಲ, ಅದೇ ದೊಡ್ಡದು."

ನಾನು ಬಾಯಿ ತೆರೆದೆ. ಭಾವ ಎಡಗೈಯಿಂದ ನನ್ನ ಮೊಣಕೈ ಹಿಡಿದರು, ಬಿಗಿಯಾಗಿ, ನೋಯುವಷ್ಟು. ಬೇಡ ಎಂದು ತಲೆಯಾಡಿಸಿದರು. ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟು, ಬಲಗೈ ಹೆಬ್ಬೆರಳನ್ನು ಮಸಿಯ ಪ್ಯಾಡಿನ ಮೇಲೆ ಒತ್ತಿದರು. ಅದು ಸಲೀಸಾಗಿ ಬಗ್ಗಿತು.

ರಿಜಿಸ್ಟರಿನ ಆ ಖಾಲಿ ಚೌಕದ ಮೇಲೆ ಹೆಬ್ಬೆರಳು ಇಳಿಸುವ ಮೊದಲು ಭಾವ ಒಂದು ಗಳಿಗೆ ತಡೆದರು. ತಮ್ಮ ಹೆಸರನ್ನು ಮೆಲ್ಲಗೆ ಒಂದು ಸಲ ಬಾಯಿಬಿಟ್ಟು ಹೇಳಿದರು. ಆಮೇಲೆ ಒತ್ತಿದರು.